ದೇವಲಿಯ ಮುಳ್ಳುತಂತಿ ಮತ್ತು ನಮ್ಮ ಮರೆವು

ಸಂಜೆಯ ಹೊತ್ತು ನಮ್ಮವರ ಯಾವ ಹೋಟೆಲಿನ ಗಲ್ಲಾಪೆಟ್ಟಿಗೆಯ ಬಳಿ ಕುಳಿತರೂ ಇಡ್ಲಿ ದೋಸೆಗಳ ಕೂಗಿನ ನಡುವೆ ‘ಒಂದು ಗೋಬಿ ಮಂಚೂರಿ’ ಎಂಬ ಕೂಗೂ ಕಿವಿಗೆ ಬೀಳದೆ ಇರದು. ಉಡುಪಿಯ ಅಡಿಗೆಯೆಂದು ನಾಲ್ಕು ದಿಕ್ಕಿಗೂ ಹೆಸರಾದ ನಮ್ಮ ತಿಂಡಿಯ ಹಲಗೆಯ ಮೇಲೆ ಈ ತಿನಿಸು ಹೇಗೆ ಬಂದು ಕುಳಿತಿತೆಂದು ವಿಚಾರಿಸಿದವರು ಕಡಿಮೆ. ಕಲಕತ್ತೆಯಲ್ಲಿ ಹುಟ್ಟಿದ ಚೀನೀ ಮನೆತನದ ನೆಲ್ಸನ್ ವಾಂಗ್ ಎಂಬವರು 1975ರಲ್ಲಿ ಮುಂಬಯಿಯ ಕ್ರಿಕೆಟ್ ಕ್ಲಬ್ಬಿನ ಅಡಿಗೆಮನೆಯಲ್ಲಿ ಮೊದಲು ಕೋಳಿಯ ಮಂಚೂರಿಯನ್ನು ಮಾಡಿದರೆಂದೂ, ಬಳಿಕ ಸಸ್ಯಾಹಾರಿಗಳಿಗಾಗಿ ಕೋಳಿಯ ಜಾಗದಲ್ಲಿ ಹೂಕೋಸು ಬಂತೆಂದೂ ನಮ್ಮ ಕಸುಬಿನವರು ಹೇಳುವುದುಂಟು. ಒಟ್ಟಿನಲ್ಲಿ, ಕಲಕತ್ತೆಯ ಚೀನಿಯರ ಕೈಯಡಿಗೆ ಇಂದು ನಮ್ಮ ಭಟ್ಟರ ಬಾಣಲೆಯಲ್ಲಿಯೂ ಬೇಯುತ್ತಿದೆ, ಅದರಿಂದ ನಮ್ಮ ಮಾಣಿಗಳ ಸಂಬಳವೂ ಹುಟ್ಟುತ್ತಿದೆ.

ಆದರೆ ಈ ತಿನಿಸನ್ನು ನಮಗೆ ಕೊಟ್ಟ ಆ ಸಮಾಜದ ಸುಮಾರು 3,000 ಜನರನ್ನು 1962ರಲ್ಲಿ ನಮ್ಮದೇ ಸರಕಾರವು ಹಿಡಿದು, ಯಾವ ವಿಚಾರಣೆಯೂ ಇಲ್ಲದೆ, ರಾಜಸ್ಥಾನದ ಮುಳ್ಳುತಂತಿಯ ಬೇಲಿಯೊಳಗೆ ಇರಿಸಿತ್ತು ಎಂಬ ಸಂಗತಿ ನಮ್ಮ ವಾಚಕರಲ್ಲಿ ಎಷ್ಟು ಮಂದಿಗೆ ತಿಳಿದಿದೆ? ನಿಜವನ್ನು ಹೇಳಬೇಕೆಂದರೆ, ನಮಗೂ ಬಹುಕಾಲ ತಿಳಿದಿರಲಿಲ್ಲ. ಎಸ್.ಎಸ್.ಎಲ್.ಸಿ.ವರೆಗಿನ ನಮ್ಮ ಪಾಠಪುಸ್ತಕಗಳಲ್ಲಿ ಆ ಯುದ್ಧದ ತಾರೀಖು ಇತ್ತು, ಈ ಶಿಬಿರದ ಹೆಸರು ಇರಲಿಲ್ಲ. ತಿಳಿದ ಮೇಲೆ ಸುಮ್ಮನಿರುವುದು ಪತ್ರಿಕಾಧರ್ಮವಲ್ಲವೆಂದು ತೋರಿದ್ದರಿಂದ ಈ ಮಾತುಗಳನ್ನು ಬರೆಯುತ್ತಿದ್ದೇವೆ.

ಆ ಸ್ಥಳದ ಹೆಸರು ದೇವಲಿ. ನಾಶಿಕದ ಬಳಿಯಿರುವ, ದಂಡಿನ ನೆಲೆಯಾದ ದೇವಳಾಲಿಯೆಂದು ಮುಂಬಯಿಯ ವಾಚಕರು ಭ್ರಮಿಸಬಾರದು. ಇದು ರಾಜಸ್ಥಾನದ ಟೋಂಕ ಜಿಲ್ಲೆಯಲ್ಲಿ, ಜಯಪುರದಿಂದ ಕೋಟಾಕ್ಕೆ ಹೋಗುವ ಹೆದ್ದಾರಿಯ ಮೇಲಿರುವ ಊರು. ಇಂಗ್ಲಿಷರ ಕಾಲದಲ್ಲಿ ಅಲ್ಲಿ ದಂಡಿನ ಪಾಳೆಯವಿತ್ತು. ಊರುಗಳ ಗದ್ದಲದಿಂದ ದೂರ, ಬೇಸಗೆಯಲ್ಲಿ ಕೆಂಡದಂತಹ ಬಿಸಿಲು, ಚಳಿಗಾಲದಲ್ಲಿ ಎಲುಬು ನಡುಗಿಸುವ ಥಂಡಿ. ಜನರನ್ನು ಕೂಡಿಹಾಕಿ ಲೋಕಕ್ಕೆ ಮರೆಸುವುದಕ್ಕೆ ಇದಕ್ಕಿಂತ ತಕ್ಕ ಜಾಗ ಬೇರೆಯಿಲ್ಲವೆಂದು ಆಳರಸರಿಗೆ ತೋರಿದ್ದು ಆಶ್ಚರ್ಯವಲ್ಲ.

ಮೊದಲು ಅಲ್ಲಿಗೆ ಬಂದವರು ನಮ್ಮ ಸ್ವಾತಂತ್ರ್ಯಯೋಧರೇ. 1930ರ ದಶಕದಲ್ಲಿ ಬಂಗಾಲದ ಕ್ರಾಂತಿಕಾರಿಗಳನ್ನು ವಿಚಾರಣೆಯಿಲ್ಲದೆ ಅಲ್ಲಿ ಇಟ್ಟರು. ಎರಡನೆಯ ಮಹಾಯುದ್ಧ ಪ್ರಾರಂಭವಾದ ಮೇಲೆ ಸಮಾಜವಾದಿಗಳನ್ನೂ ಕಮ್ಯುನಿಸ್ಟರನ್ನೂ ತಂದು ತುಂಬಿದರು. ಜಯಪ್ರಕಾಶ ನಾರಾಯಣರು ಅಲ್ಲಿದ್ದರು, ಮುಂಬಯಿಯ ಗಿರಣಿ ಕಾರ್ಮಿಕರ ಮುಂದಾಳು ಡಾಂಗೆಯವರೂ ಇದ್ದರು. 1941ರಲ್ಲಿ ಕೈದಿಗಳು ಉಪವಾಸ ಹೂಡಿ ದೇಶದ ಗಮನವನ್ನು ಸೆಳೆದ ಪರಿಣಾಮವಾಗಿ ಸರಕಾರವು ಅವರನ್ನು ತಂತಮ್ಮ ಪ್ರಾಂತಗಳ ಸೆರೆಮನೆಗಳಿಗೆ ಕಳುಹಿಸಬೇಕಾಯಿತು.

ಅವರು ಹೋದ ಜಾಗಕ್ಕೆ ಜಪಾನೀಯರು ಬಂದರು. ಇವರು ಸೈನಿಕರಲ್ಲ. 1941ರ ಡಿಸೆಂಬರಿನಲ್ಲಿ ಜಪಾನು ಯುದ್ಧಕ್ಕೆ ಇಳಿದೊಡನೆ ಮಲಾಯಾ, ಸಿಂಗಪುರಗಳಲ್ಲಿ ವ್ಯಾಪಾರ, ಮೀನುಗಾರಿಕೆ ಮೊದಲಾದ ಕಸುಬುಗಳಲ್ಲಿದ್ದ ಸಾಮಾನ್ಯ ಜಪಾನೀಯರನ್ನು ಹೆಂಡಿರು ಮಕ್ಕಳ ಸಹಿತ ಹಿಡಿದು ಹಡಗಿನಲ್ಲಿ ಹಿಂದುಸ್ಥಾನಕ್ಕೆ ತಂದರು. ಮೊದಲು ಅವರನ್ನು ಇರಿಸಿದ್ದು ದಿಲ್ಲಿಯ ಪುರಾನಾ ಕಿಲ್ಲೆಯಲ್ಲಿ, ಡೇರೆಗಳ ಕೆಳಗೆ. ಬಿಸಿ ನೆಲದಿಂದ ಬಂದ ಆ ಜನರಲ್ಲಿ ಅನೇಕರು ದಿಲ್ಲಿಯ ಚಳಿಗೂ ರೋಗಕ್ಕೂ ತುತ್ತಾದರು. ಉಳಿದವರನ್ನು 1943ರಲ್ಲಿ ದೇವಲಿಗೆ ಸಾಗಿಸಿದರು. 1946ರ ಫೆಬ್ರವರಿಯಲ್ಲಿ, ಜಪಾನು ಸೋತಿತೆಂಬ ವಾರ್ತೆಯನ್ನು ನಂಬದವರಿಗೂ ನಂಬಿದವರಿಗೂ ಎದ್ದ ಕಲಹದಿಂದ ಶಿಬಿರದಲ್ಲಿ ಗಲಭೆಯಾಗಿ ಕಾವಲಿನವರ ಗುಂಡಿಗೆ ಹಲವರು ಬಲಿಯಾದರು. ರಜೆಯ ದಿನ ಮಕ್ಕಳನ್ನು ಕರೆದುಕೊಂಡು ಪುರಾನಾ ಕಿಲ್ಲೆಗೆ ಹೋಗುವ ದಿಲ್ಲಿಯ ನಮ್ಮ ಬಂಧುಗಳು ಈ ಮಾತನ್ನು ಒಮ್ಮೆ ನೆನೆದುಕೊಳ್ಳಬೇಕು.

ಇಷ್ಟು ಪರರ ಆಳಿಕೆಯಲ್ಲಿ ನಡೆದದ್ದು. ಮುಂದಿನದು ನಮ್ಮ ಆಳಿಕೆಯಲ್ಲಿ ನಡೆದದ್ದು.

ಹಿಂದುಸ್ಥಾನದಲ್ಲಿ ಚೀನಿಯರ ನೆಲಸಿಕೆ ನಿನ್ನೆ ಮೊನ್ನೆಯದಲ್ಲ. ಹದಿನೆಂಟನೆಯ ಶತಮಾನದ ಕೊನೆಯ ಭಾಗದಲ್ಲಿಯೇ ಅವರು ಕಲಕತ್ತೆಯ ಬಳಿ ಬಂದಿಳಿದರು. 1830ರ ದಶಕದಲ್ಲಿ ಚಹದ ಬೇಸಾಯವನ್ನು ಕಲಿಸಲೆಂದು ಇಂಗ್ಲಿಷರು ಚೀನೀ ಕೆಲಸಗಾರರನ್ನು ಅಸಮಿಗೆ ಕರೆತಂದರು. ಅವರ ಸಂತತಿಯವರು ಅಲ್ಲಿಯ ಹೆಣ್ಣುಗಳನ್ನು ಮದುವೆಯಾಗಿ, ಅಲ್ಲಿಯ ಭಾಷೆಯನ್ನಾಡುತ್ತ, ಮಾಕುಮ್, ತಿನ್‌ಸುಕಿಯಾ, ಶಿಲ್ಲಾಂಗ, ದಾರ್ಜಿಲಿಂಗ, ಕಾಲಿಂಪಾಂಗಗಳಲ್ಲಿ ಬೇರೂರಿದರು. ಬಡಗಿಯ ಕೆಲಸ, ಚರ್ಮ ಹದಮಾಡುವುದು, ಜೋಡು ಹೊಲಿಯುವುದು, ಹಲ್ಲಿನ ವೈದ್ಯ, ಬಟ್ಟೆ ಒಗೆಯುವುದು, ಹೋಟೆಲು, ಇವು ಅವರ ಕಸುಬುಗಳು. ಮುಂಬಯಿಯ ಮಾಝಗಾಂವದ ಒಂದು ಓಣಿಯಲ್ಲಿ ಅವರ ಪುಟ್ಟ ದೇವಾಲಯವೊಂದು ಇಂದಿಗೂ ಇದೆ. ಒಟ್ಟಿನಲ್ಲಿ, ಹೊಟ್ಟೆಪಾಡಿಗೆ ಊರು ಬಿಟ್ಟು, ಸೇರಿದ ಊರನ್ನೇ ಊರೆಂದುಕೊಂಡು, ದುಡಿದು ತಿನ್ನುವ ಜನ. ಅವರು ನಮ್ಮಂತಹರೇ ಎಂದು ಬೇರೆ ಹೇಳಬೇಕಾಗಿಲ್ಲ.

1962ರ ಅಕ್ಟೋಬರ 20ರಂದು ಚೀನದ ಸೈನ್ಯವು ಗಡಿಯನ್ನು ದಾಟಿ ಏರಿಬಂದಿತು. 26ರಂದು ತುರ್ತುಪರಿಸ್ಥಿತಿ ಘೋಷಿತವಾಯಿತು. ಅದರ ಬೆನ್ನಿಗೇ ವಿದೇಶೀಯರ ಕಾನೂನಿಗೆ ತಿದ್ದುಪಡಿಯಾಗಿ, ತಾನಾಗಲಿ, ತಂದೆ ತಾಯಿಗಳಾಗಲಿ, ಅಜ್ಜ ಅಜ್ಜಿಯರಾಗಲಿ ಎಂದಾದರೂ ಶತ್ರುದೇಶದ ಪ್ರಜೆಯಾಗಿದ್ದರೆ ಅಂತಹವನನ್ನು ವಿದೇಶೀಯನಂತೆಯೇ ನಡೆಸಿಕೊಳ್ಳಬಹುದೆಂದಾಯಿತು. ಇದರ ಅರ್ಥವೇನೆಂಬುದನ್ನು ವಾಚಕರು ನಿಧಾನವಾಗಿ ಆಲೋಚಿಸಬೇಕು. ಮನುಷ್ಯನು ಏನು ಮಾಡಿದನೆಂಬ ಪ್ರಶ್ನೆ ಹಿಂದೆ ಸರಿಯಿತು, ಅವನ ಅಜ್ಜನು ಎಲ್ಲಿಯವನೆಂಬ ಪ್ರಶ್ನೆ ಮುಂದೆ ಬಂದಿತು.

ನವೆಂಬರ ತಿಂಗಳಲ್ಲಿ ಅಸಮ, ಬಂಗಾಲದ ಬೆಟ್ಟದ ಊರುಗಳಲ್ಲಿ ಪೋಲೀಸರು ಮನೆಯ ಬಾಗಿಲು ತಟ್ಟಿದರು. ಉಟ್ಟ ಬಟ್ಟೆಯೊಡನೆ, ಕೈಗೆ ಸಿಕ್ಕಷ್ಟು ಸಾಮಾನಿನೊಡನೆ ಹೊರಡಬೇಕಾಯಿತು. ಕೆಲವು ದಿನಗಳ ಮಾತು, ನಿಮ್ಮ ರಕ್ಷಣೆಗಾಗಿಯೇ ಎಂದು ಹೇಳಿದ್ದನ್ನು ನಂಬಿ ಒಲೆಯ ಮೇಲಿನದನ್ನು ಹಾಗೆಯೇ ಬಿಟ್ಟು ಹೋದವರೂ ಉಂಟು. ಮುದುಕರು, ಗರ್ಭಿಣಿಯರು, ಎಳೆಯ ಮಕ್ಕಳು ಎಂಬ ಭೇದವಿರಲಿಲ್ಲ. ಅಲ್ಲಲ್ಲಿಯ ಸೆರೆಮನೆಗಳಲ್ಲಿ ತಂಗಿಸಿ, ರೈಲಿನಲ್ಲಿ ತುಂಬಿ ಏಳು ದಿನಗಳ ಪ್ರಯಾಣ ಮಾಡಿಸಿ ದೇವಲಿಗೆ ಮುಟ್ಟಿಸಿದರು. ಆ ರೈಲಿನ ಮೇಲೆ ಶತ್ರುಗಳ ಗಾಡಿಯೆಂದು ಬರೆದಿತ್ತೆಂದೂ, ದಾರಿಯ ನಿಲ್ದಾಣಗಳಲ್ಲಿ ಜನರು ಕಲ್ಲು, ಚಪ್ಪಲಿ ತೂರಿದರೆಂದೂ ಅಂದು ಮಕ್ಕಳಾಗಿದ್ದವರು ಮುಪ್ಪಿನಲ್ಲಿ ನೆನೆದು ಹೇಳಿದ್ದಾರೆ. ಗಡಿಯಲ್ಲಿ ಚೀನವು ಯುದ್ಧವನ್ನು ನಿಲ್ಲಿಸಿದ್ದು ನವೆಂಬರ 21ರಂದು. ಈ ಜನರ ಸೆರೆವಾಸವಾದರೋ ಆಗ ತಾನೇ ಪ್ರಾರಂಭವಾಗಿತ್ತು.

ಶಿಬಿರದ ದಿನಚರಿಯಲ್ಲಿ ಹೋಟೆಲು ಕೆಲಸದ ನಮಗೆ ಮನಸ್ಸಿಗೆ ನಾಟಿದ ಸಂಗತಿಯೊಂದಿದೆ. ಮೊದಮೊದಲು ಸಾವಿರಾರು ಜನರಿಗೆ ಒಟ್ಟಾಗಿ ಬೇಯಿಸಿದ ಅನ್ನವು ಮೇಲೆ ಅಕ್ಕಿ, ಕೆಳಗೆ ಸೀದದ್ದು ಎಂಬಂತಿತ್ತಂತೆ. ಬಳಿಕ ಅಕ್ಕಿ ಬೇಳೆಗಳನ್ನು ಹಂಚಿಸಿಕೊಂಡು ತಮ್ಮ ಅಡಿಗೆಯನ್ನು ತಾವೇ ಮಾಡಿಕೊಂಡರು. ತಮ್ಮ ಕೈಯ ಒಂದು ತುತ್ತು ಅನ್ನದಿಂದ ಮನುಷ್ಯನಿಗೆ ಮನೆಯ ನೆನಪು ಮಾತ್ರವಲ್ಲ, ಮಾನವೂ ಮರಳಿ ಬರುತ್ತದೆಂಬುದನ್ನು ಊರು ಬಿಟ್ಟು ದುಡಿಯುವ ನಮ್ಮವರಿಗೆ ವಿವರಿಸಬೇಕಾಗಿಲ್ಲ. ಆ ಬೇಲಿಯೊಳಗೆ ಹೆರಿಗೆಗಳಾದವು, ಸಾವುಗಳಾದವು, ಮಕ್ಕಳು ಶಾಲೆಯಿಲ್ಲದೆ ಬೆಳೆದರು.

1963ರಲ್ಲಿ ಚೀನದ ಹಡಗುಗಳು ಮದ್ರಾಸಿನ ಬಂದರಿಗೆ ಬಂದು ಸುಮಾರು 2,400 ಜನರನ್ನು ಹತ್ತಿಸಿಕೊಂಡು ಹೋದವು. ಅವರಲ್ಲಿ ಚೀನವನ್ನು ಕಣ್ಣಿನಿಂದ ಕಾಣದವರು, ಆ ಭಾಷೆಯನ್ನು ಸರಿಯಾಗಿ ಅರಿಯದವರು ಬಹಳ ಮಂದಿ. ಹೋಗಲೊಪ್ಪದೆ ಉಳಿದವರು ವರುಷಗಟ್ಟಲೆ ಶಿಬಿರದಲ್ಲಿಯೇ ಕಳೆದರು. ಕಟ್ಟಕಡೆಯವರು ಹೊರಬಂದದ್ದು 1967ರಲ್ಲಿ, ಎಂದರೆ ಒಂದು ತಿಂಗಳ ಯುದ್ಧಕ್ಕಾಗಿ ಸುಮಾರು ಐದು ವರುಷಗಳ ಬಂಧನ. ಹೊರಬಂದು ಊರಿಗೆ ಹೋದರೆ, ಅಂಗಡಿ ಮನೆಗಳು ಎಷ್ಟೋ ಮಂದಿಗೆ ಹರಾಜಾಗಿ ಹೋಗಿದ್ದವು, ಇಲ್ಲವೇ ಪರರ ಕೈ ಸೇರಿದ್ದವು. ಪೋಲೀಸು ಠಾಣೆಗೆ ಹೋಗಿ ಹಾಜರಿ ಹಾಕಬೇಕು, ಊರ ಗಡಿ ದಾಟಲು ಅಪ್ಪಣೆ ಬೇಕು. ಕಡೆಗೆ ಬಹುಮಂದಿ ಕೆನಡಾ ಮೊದಲಾದ ದೇಶಗಳಿಗೆ ವಲಸೆ ಹೋದರು. ಅಲ್ಲಿ ನೆಲಸಿದವರು 2010ರ ಹೊತ್ತಿಗೆ ಸಂಘ ಕಟ್ಟಿಕೊಂಡು ಹಿಂದುಸ್ಥಾನ ಸರಕಾರದಿಂದ ತಪ್ಪೊಪ್ಪಿಗೆಯ ಒಂದು ಮಾತನ್ನು ಕೇಳುತ್ತ ಬಂದಿದ್ದಾರೆ. ಆ ಮಾತು ಇನ್ನೂ ಬಂದಿಲ್ಲ.

ಇದೆಲ್ಲ ಎಲ್ಲಿಯದೋ ಕಥೆ, ಕನ್ನಡಿಗರಿಗೆ ಇದರಿಂದೇನು ಎಂದು ಕೇಳುವವರಿರಬಹುದು. ಅವರಿಗೆ ಎರಡು ಸಂಗತಿಗಳನ್ನು ನೆನಪಿಸುತ್ತೇವೆ.

ಮೊದಲನೆಯದು ನಮ್ಮ ಮಂಗಳೂರಿನದು. ಕನ್ನಡದ ಮೊದಲ ಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು 1843ರಲ್ಲಿ ಹೊರಡಿಸಿದವರು ಬಾಸೆಲ್ ಮಿಶನ್ನಿನ ಜರ್ಮನ್ ಪಾದ್ರಿ ಮೋಗ್ಲಿಂಗರು. 1894ರಲ್ಲಿ ನಮಗೆ ಮಹಾನಿಘಂಟನ್ನು ಕೊಟ್ಟ ಕಿಟ್ಟೆಲರೂ ಅದೇ ಮಿಶನ್ನಿನವರು. ನಮ್ಮ ಕರಾವಳಿಯ ಮನೆಗಳ ಮೇಲಿನ ಕೆಂಪು ಹಂಚೂ ಅವರ ಕಾರ್ಖಾನೆಯಿಂದಲೇ ಮೊದಲು ಬಂದದ್ದು. 1914ರಲ್ಲಿ ಯುದ್ಧ ಹುಟ್ಟಿದೊಡನೆ ಈ ಮಿಶನ್ನಿನ ಜರ್ಮನರು ‘ಶತ್ರುಪ್ರಜೆ’ಗಳಾದರು. ಅವರನ್ನು ಅಹಮದನಗರದ ಶಿಬಿರಕ್ಕೆ ಒಯ್ದರು, ಹೆಂಗಸರು ಮಕ್ಕಳನ್ನು ಹಡಗು ಹತ್ತಿಸಿದರು, ಹಂಚಿನ ಕಾರ್ಖಾನೆಗಳು ಪರರ ವಶವಾದವು. ಎಂಬತ್ತು ವರುಷ ಕನ್ನಡದ ನೆಲದಲ್ಲಿ ದುಡಿದ ಸಂಸ್ಥೆಯ ಗತಿ ಒಂದು ಸರಕಾರೀ ಕಾಗದದಿಂದ ಹೀಗಾಯಿತು.

ಎರಡನೆಯದು ನಮ್ಮದೇ. 1969ರ ಫೆಬ್ರವರಿಯಲ್ಲಿ ಗಡಿಯ ಪ್ರಶ್ನೆಯ ಹೆಸರಿನಲ್ಲಿ ಮುಂಬಯಿಯಲ್ಲಿ ಗಲಭೆಗಳೆದ್ದಾಗ ಕನ್ನಡಿಗರ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ನಾವು ಮಾಣಿಯಾಗಿ ಸೇರಿದ ಹೋಟೆಲಿನ ಹಿರಿಯ ಯಜಮಾನರು ಆ ದಿನಗಳನ್ನು ವರ್ಣಿಸುತ್ತಿದ್ದರು. ಬಾಗಿಲ ಮೇಲಿನ ಹೆಸರಿಗೆ ಗೋಣಿಯ ಪರದೆ ಕಟ್ಟಿ, ಹುಡುಗರನ್ನು ಅಟ್ಟದ ಮೇಲೆ ಮಲಗಿಸಿ, ತಾವು ಹಿಟ್ಟಿನ ಡಬ್ಬಗಳ ನಡುವೆ ರಾತ್ರಿ ಕಳೆದರಂತೆ. ಬೆಳಿಗ್ಗೆ ಹಾಲು ಕೊಡಲು ಬಂದ ಮರಾಠೀ ಗವಳಿಯೇ ಬಾಗಿಲಲ್ಲಿ ನಿಂತು ಕಾದನೆಂದು ಹೇಳುವಾಗ ಅವರ ಕಣ್ಣು ತುಂಬುತ್ತಿತ್ತು. ಆ ಗವಳಿ ಅಂದು ಒಕ್ಕಲಾದವನನ್ನು ನೋಡಿದ್ದನೇ ಹೊರತು ಅವನ ಅಜ್ಜನ ಊರನ್ನು ಕೇಳಿರಲಿಲ್ಲ.

ಹಾಗೆಂದು ನಾವು ನಿರಪರಾಧಿಗಳೆಂದು ಬೀಗುವ ಹಾಗಿಲ್ಲ. 1991ರ ಡಿಸೆಂಬರಿನಲ್ಲಿ ಕಾವೇರಿಯ ಹೆಸರಿನಲ್ಲಿ ನಮ್ಮ ಬೆಂಗಳೂರಿನಲ್ಲಿ ದುಡಿದು ತಿನ್ನುವ ತಮಿಳರ ಮನೆಗಳು ಉರಿದವು. 2012ರ ಆಗಸ್ಟಿನಲ್ಲಿ, ಹಬ್ಬಿದ ಸುಳ್ಳು ಸುದ್ದಿಗಳಿಗೆ ಹೆದರಿ, ಅಸಮ ಮೊದಲಾದ ಈಶಾನ್ಯ ಪ್ರಾಂತಗಳ ಸಾವಿರಾರು ಯುವಕರು ಗಂಟುಮೂಟೆ ಕಟ್ಟಿ ಬೆಂಗಳೂರಿನ ನಿಲ್ದಾಣದಿಂದ ಗುವಾಹಟಿಯ ರೈಲು ಹತ್ತಿದರು. ಅವರಲ್ಲಿ ಹೋಟೆಲು ಕೆಲಸದವರು ಎಷ್ಟೋ ಮಂದಿ. ಮುಖದ ಚಹರೆಯನ್ನು ನೋಡಿ ಮನುಷ್ಯನನ್ನು ಅಳೆಯುವ ರೋಗವು 1962ರೊಡನೆ ಸಾಯಲಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆದುದರಿಂದಲೇ ದೇವಲಿಯ ನೆನಪನ್ನು ಕಾಪಾಡಬೇಕೆನ್ನುತ್ತೇವೆ. ನಮ್ಮ ದೇಶದಲ್ಲಿ ಸೆರೆಮನೆಗಳನ್ನು ಕಾಪಾಡುವ ಪದ್ಧತಿ ಇಲ್ಲವೆಂದಲ್ಲ. ಮೇಲೆ ಹೇಳಿದ ಅಹಮದನಗರದ ಕೋಟೆಯಲ್ಲಿ 1942ರಿಂದ 1945ರವರೆಗೆ ಸೆರೆಯಲ್ಲಿದ್ದ ನೆಹರೂರವರು ಹಿಂದುಸ್ಥಾನದ ಇತಿಹಾಸವನ್ನು ಕುರಿತ ತಮ್ಮ ದೊಡ್ಡ ಗ್ರಂಥವನ್ನು ಬರೆದ ಕೋಣೆಯನ್ನು ಭಕ್ತಿಯಿಂದ ಉಳಿಸಿಕೊಂಡಿದ್ದೇವೆ. ಅದು ಯುಕ್ತವೇ. ಆದರೆ ಅದೇ ನೆಹರೂರವರು ಪ್ರಧಾನಿಗಳಾಗಿದ್ದಾಗ ಸೆರೆಯಾದ ಜೋಡು ಹೊಲಿಯುವವರು, ಚಹತೋಟದ ಕೂಲಿಗಳು, ಅಡಿಗೆಯವರು ಗ್ರಂಥಗಳನ್ನು ಬರೆಯಲಿಲ್ಲ. ದೊಡ್ಡವರ ಸೆರೆಮನೆ ತೀರ್ಥವಾಗುವುದು, ಚಿಕ್ಕವರ ಸೆರೆಮನೆ ಹೆಸರಿಲ್ಲದೆ ಅಳಿಯುವುದು ಪ್ರಜಾರಾಜ್ಯಕ್ಕೆ ಒಪ್ಪುವ ನ್ಯಾಯವೇ?

ದೇವಲಿಯ ಶಿಬಿರದ ಜಾಗದಲ್ಲಿ ಈಗ ಕೇಂದ್ರ ಕೈಗಾರಿಕಾ ಭದ್ರತಾ ದಳದ ತರಬೇತಿ ಕೇಂದ್ರವಿದೆ. ಭದ್ರತೆಯ ಜಾಗದಲ್ಲಿ ಸ್ಮಾರಕ ಹೇಗೆ ಸಾಧ್ಯವೆಂದು ಅಧಿಕಾರಿಗಳು ಕೇಳಬಹುದು. ಅಹಮದನಗರದ ಕೋಟೆಯೂ ಸೈನ್ಯದ ವಶದಲ್ಲಿಯೇ ಇದೆ. ಆದರೂ ಜನರು ಹೋಗಿ ನೋಡಿ ಬರುತ್ತಾರೆ. ಮನಸ್ಸಿದ್ದರೆ ಮಾರ್ಗವಿದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಹೊರದೇಶದ ಉದಾಹರಣೆಯೂ ಉಂಟು. 1942ರಲ್ಲಿ ಅಮೇರಿಕೆಯು ತನ್ನ ದೇಶದಲ್ಲಿದ್ದ ಸುಮಾರು 1,20,000 ಜಪಾನೀ ಮೂಲದವರನ್ನು ಹೀಗೆಯೇ ಶಿಬಿರಗಳಿಗೆ ತಳ್ಳಿತು. ಅವರಲ್ಲಿ ಮೂರರಲ್ಲಿ ಎರಡು ಪಾಲು ಅಮೇರಿಕೆಯ ಪ್ರಜೆಗಳೇ ಆಗಿದ್ದರು. ಕ್ಯಾಲಿಫೋರ್ನಿಯದ ಮಂಝನಾರ್ ಎಂಬ ಶಿಬಿರವೊಂದರಲ್ಲಿಯೇ ಹತ್ತು ಸಾವಿರಕ್ಕೂ ಮಿಕ್ಕಿ ಜನರಿದ್ದರು. ಯುದ್ಧ ಮುಗಿದ ಮೇಲೆ ಅಲ್ಲಿಯ ಮನೆಗಳನ್ನು ಕಿತ್ತು ಮಾರಿದರು, ಜಾಗ ಹಾಳುಬಿತ್ತು. ಆದರೆ 1969ರಿಂದ ಆ ಜನರೂ ಅವರ ಮಕ್ಕಳೂ ಪ್ರತಿವರ್ಷ ಅಲ್ಲಿಗೆ ಯಾತ್ರೆ ಹೋಗತೊಡಗಿದರು. ಅವರ ಹಟದ ಫಲವಾಗಿ 1988ರಲ್ಲಿ ಅಮೇರಿಕೆಯ ಸರಕಾರವು ಕಾಯಿದೆಯ ಮೂಲಕ ಕ್ಷಮೆ ಬೇಡಿ, ಬದುಕುಳಿದ ಪ್ರತಿಯೊಬ್ಬನಿಗೆ 20,000 ಡಾಲರು ಪರಿಹಾರ ಕೊಟ್ಟಿತು. 1992ರಲ್ಲಿ ಮಂಝನಾರ್ ರಾಷ್ಟ್ರೀಯ ಐತಿಹಾಸಿಕ ಸ್ಥಳವಾಯಿತು. ಕಾವಲು ಗೋಪುರವನ್ನೂ ಸಾಮೂಹಿಕ ಊಟದ ಮನೆಯನ್ನೂ ಮತ್ತೆ ನಿಲ್ಲಿಸಿದ್ದಾರೆ. ಇದರಿಂದ ಆ ದೇಶದ ಮಾನ ಕಡಿಮೆಯಾಯಿತೆಂದು ಯಾರೂ ಹೇಳಿಲ್ಲ.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರ ಹೇಳುವುದು ನಮ್ಮ ಕರ್ತವ್ಯ. ಚೀನವು ನಮಗೆ ದ್ರೋಹ ಬಗೆಯಿತಲ್ಲವೇ, ಹಿಮದಲ್ಲಿ ಸತ್ತ ನಮ್ಮ ಜವಾನರಿಗಿಂತ ಈ ಜನ ಹೆಚ್ಚೇ ಎಂದು ಕೆಲವರು ಕೇಳಿಯಾರು. ಖಂಡಿತವಾಗಿಯೂ ಅಲ್ಲ. 1962ರ ನವೆಂಬರ 18ರಂದು ಲಡಾಖದ ರೆಝಾಂಗ್ ಲಾದಲ್ಲಿ ಕಡೆಯ ಗುಂಡಿನವರೆಗೆ ಕಾದಿ ಮಡಿದ ಕುಮಾಊಂ ದಂಡಿನ ಯೋಧರಿಗೆ ಕೈಮುಗಿಯದವನು ಈ ದೇಶದ ಅನ್ನಕ್ಕೆ ಋಣಿಯಲ್ಲ. ಆ ಯೋಧರು ಎದುರಿಸಿದ್ದು ಆಯುಧ ಹಿಡಿದ ಶತ್ರುವನ್ನು. ದೇವಲಿಯಲ್ಲಿ ಇದ್ದವರು ಆಯುಧವಿಲ್ಲದ ಅಜ್ಜಿಯರು, ಮಕ್ಕಳು. ಯುದ್ಧಕಾಲದಲ್ಲಿ ಸರಕಾರಕ್ಕೆ ಶಂಕೆ ಹುಟ್ಟುವುದು ಸಹಜ. ಶಂಕೆಯಿದ್ದವನನ್ನು ವಿಚಾರಿಸಲಿ, ಅಪರಾಧವಿದ್ದರೆ ದಂಡಿಸಲಿ. ಒಂದು ಕುಲವನ್ನೇ ಹಿಡಿದು ಐದು ವರುಷ ಮರೆತುಬಿಡುವುದು ದೇಶರಕ್ಷಣೆಯಲ್ಲ. ಯೋಧರ ಸ್ಮಾರಕಕ್ಕೂ ಈ ಸ್ಮಾರಕಕ್ಕೂ ವೈರವಿಲ್ಲ. ಒಂದು ನಮ್ಮ ಶೌರ್ಯವನ್ನು ಹೇಳಿದರೆ ಇನ್ನೊಂದು ನಮ್ಮ ತಪ್ಪನ್ನು ಹೇಳುತ್ತದೆ. ಎರಡನ್ನೂ ಹೇಳಬಲ್ಲ ದೇಶವೇ ದೊಡ್ಡದು.

ನಮ್ಮ ಬೇಡಿಕೆ ಬಹಳವಲ್ಲ. ದೇವಲಿಯ ಆ ಆವರಣದ ಒಳಗಾಗದಿದ್ದರೆ ಹೆಬ್ಬಾಗಿಲ ಹೊರಗಾದರೂ ಒಂದು ಕಲ್ಲನ್ನು ನಿಲ್ಲಿಸಲಿ. ಅದರ ಮೇಲೆ ಬಂಗಾಲದ ಕ್ರಾಂತಿಕಾರಿಗಳ, ಜಯಪ್ರಕಾಶರ, ಜಪಾನೀಯರ, ಚೀನೀ ಮೂಲದ ನಮ್ಮ ಜನರ ವೃತ್ತಾಂತವನ್ನು ವರುಷಗಳ ಸಹಿತ ಇದ್ದುದಿದ್ದಂತೆ ಬರೆಯಿಸಲಿ. ಶಿಬಿರದ ಕಾಗದಪತ್ರಗಳನ್ನು ಸಂಶೋಧಕರಿಗೆ ಬಿಚ್ಚಿಕೊಡಲಿ. ಅಂದು ಮಕ್ಕಳಾಗಿದ್ದವರು ಇಂದು ಮುಪ್ಪಿನ ಅಂಚಿನಲ್ಲಿದ್ದಾರೆ. ಅವರ ಬಾಯಿಮಾತನ್ನು ಬರೆದಿಡುವ ಕೆಲಸ ತಡವಾಗಬಾರದು. ಅಸಮಿಯಾ ಲೇಖಕಿ ರೀತಾ ಚೌಧುರಿಯವರು 2010ರಲ್ಲಿ ‘ಮಾಕಾಂ’ ಎಂಬ ಕಾದಂಬರಿಯಿಂದಲೂ, ಶಿಬಿರದಲ್ಲಿಯೇ ಹುಟ್ಟಿದ ಜಾಯ್ ಮಾ ಎಂಬವರು ದಿಲೀಪ ಡಿಸೋಜರ ಜೊತೆಗೂಡಿ 2020ರಲ್ಲಿ ಬರೆದ ಪುಸ್ತಕದಿಂದಲೂ ಈ ಕೆಲಸಕ್ಕೆ ನಾಂದಿ ಹಾಡಿದ್ದಾರೆ. ಲೇಖಕರು ಮಾಡಿದಷ್ಟನ್ನಾದರೂ ಸರಕಾರವು ಮಾಡಬೇಡವೇ? ಕೊನೆಯದಾಗಿ, ದಿಲ್ಲಿಯ ಪಾರ್ಲಿಮೆಂಟಿನಲ್ಲಿ ವಿಷಾದದ ಒಂದು ಮಾತು ಬರಲಿ. ಅದಕ್ಕೆ ಬೊಕ್ಕಸದಿಂದ ಒಂದು ಕಾಸೂ ಖರ್ಚಾಗದು.

ನಮ್ಮ ವಾಚಕರಿಂದಲೂ ಆಗುವ ಕೆಲಸವಿದೆ. ಮುಂಬಯಿ, ಪುಣೆ, ಮದ್ರಾಸು, ಹೈದರಾಬಾದು, ದಿಲ್ಲಿಗಳ ಕನ್ನಡ ಸಂಘಗಳು ವರುಷಕ್ಕೊಮ್ಮೆ ರಾಜ್ಯೋತ್ಸವದ ಸಭೆ ಸೇರುವುದು ನವೆಂಬರ ತಿಂಗಳಲ್ಲಿಯೇ. ಆ ಸಭೆಯಲ್ಲಿ ಐದು ನಿಮಿಷ ದೇವಲಿಯ ವಿಷಯವನ್ನೂ ಮಾತಾಡಲಿ, ತಮ್ಮ ಪಾರ್ಲಿಮೆಂಟ್ ಸದಸ್ಯರಿಗೆ ಒಂದು ಕಾಗದ ಬರೆಯಲಿ. ಅದಕ್ಕಿಂತ ಹತ್ತಿರದ ಕೆಲಸವೊಂದಿದೆ. ಇಂದು ನಮ್ಮ ಅಡಿಗೆಮನೆಗಳಲ್ಲಿ ಪಾತ್ರೆ ತೊಳೆಯುವ, ಬಾಣಲೆಯ ಮುಂದೆ ಬೆವರುವ ಹುಡುಗರಲ್ಲಿ ಅಸಮ, ಮಣಿಪುರ, ನೇಪಾಳಗಳಿಂದ ಬಂದವರು ಅನೇಕರು. ಅವರನ್ನು ಹೆಸರಿನಿಂದ ಕರೆಯದೆ, ಮುಖವನ್ನು ನೋಡಿ ‘ಚೀನಿ’ ಎಂದು ಕೂಗುವ ಕೆಟ್ಟ ಚಾಳಿ ನಮ್ಮ ಹೋಟೆಲುಗಳಲ್ಲಿಯೂ ಉಂಟು. ನಮ್ಮ ಹೋಟೆಲಿನಲ್ಲಿಯೂ ಇತ್ತೆಂದು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ. ನಾವು ಗಲ್ಲಾಪೆಟ್ಟಿಗೆಯ ಮುಂದೆ ಕುಳಿತು ಅದನ್ನು ಕೇಳಿ ನಕ್ಕದ್ದೂ ಉಂಟು.

ದೇವಲಿಯ ಕಲ್ಲನ್ನು ಸರಕಾರವು ಎಂದು ನಿಲ್ಲಿಸುವುದೋ ತಿಳಿಯದು. ಆದರೆ ಆ ಕೂಗನ್ನು ನಾಳೆಯ ಬೆಳಗಿನಿಂದಲೇ ನಿಲ್ಲಿಸುವುದು ನಮ್ಮ ಕೈಯಲ್ಲಿದೆ. ಯಜಮಾನರೂ ಭಟ್ಟರೂ ಮಾಣಿಗಳೂ ಇಷ್ಟನ್ನು ನಡೆಸಿಕೊಡಬೇಕೆಂದು ನಮ್ಮ ವಿಜ್ಞಾಪನೆ.